ಕಾರಿನ ಬಾನೆಟ್ಟಿನಿಂದ ಪೆನ್ ಟೂಲಿಗೆ

ಹಡಗು ಕಟ್ಟುವವರ ಅಟ್ಟದಲ್ಲಿ ಗಣಿತಕ್ಕೆ ಕೆಲಸವಿರಲಿಲ್ಲ. ತೆಳ್ಳನೆಯ ಮರದ ಪಟ್ಟಿಯನ್ನು ಬಾಗಿಸಿ ಅಲ್ಲಲ್ಲಿ ಸೀಸದ ಭಾರ ಇಟ್ಟರೆ, ಪಟ್ಟಿ ತಾನಾಗಿಯೇ ನಯವಾದ ತಿರುವು ತೆಗೆದುಕೊಳ್ಳುತ್ತಿತ್ತು. ಅದರ ಅಂಚಿಗೆ ಗೆರೆ ಎಳೆದರೆ ಮುಗಿಯಿತು. ವಿಮಾನ, ಕಾರುಗಳ ನಕ್ಷೆಕಾರರೂ ಇದನ್ನೇ ಕಲಿತರು. ಆದರೆ ಆ ತಿರುವನ್ನು ಅಂಕಿಗಳಲ್ಲಿ ಹೇಳುವ ಸುಲಭದ ದಾರಿ ಇರಲಿಲ್ಲ. ನಕ್ಷೆಯಿಂದ ಮಾದರಿಗೆ, ಮಾದರಿಯಿಂದ ಅಚ್ಚಿಗೆ ಇಳಿಯುವಷ್ಟರಲ್ಲಿ ಬಾಗು ಒಂದಿಷ್ಟು ಬದಲಾಗಿರುತ್ತಿತ್ತು. ಅಂಕಿ ಕೊಟ್ಟರೆ ಲೋಹ ಕೊರೆಯುವ ಯಂತ್ರಗಳು ಬಂದ ಮೇಲಂತೂ ಈ ಕೊರತೆ ಎದ್ದು ಕಂಡಿತು.

ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯ ಗಣಿತಜ್ಞ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ ಒಂದು ಉಪಾಯ ಕಂಡುಕೊಂಡರು. ನಾಲ್ಕು ಬಿಂದುಗಳನ್ನು ಸಾಲಾಗಿ ಗೆರೆಗಳಿಂದ ಜೋಡಿಸಿ. ಪ್ರತಿ ಗೆರೆಯ ನಡುಬಿಂದು ಗುರುತಿಸಿ, ಅವನ್ನು ಜೋಡಿಸಿ ಮತ್ತೆ ನಡುಬಿಂದು ಹಿಡಿಯಿರಿ. ಹೀಗೇ ಮುಂದುವರಿಸಿದರೆ ಕೊನೆಗೆ ಉಳಿಯುವ ಒಂದೇ ಬಿಂದು ಬಾಗುಗೆರೆಯ ಮೇಲೇ ಇರುತ್ತದೆ. ಅರ್ಧದ ಬದಲು ಕಾಲು, ಮುಕ್ಕಾಲು ಎಂದು ಬೇರೆ ಪಾಲು ಹಿಡಿದರೆ ಉಳಿದ ಬಿಂದುಗಳೂ ಸಿಗುತ್ತವೆ. ಎಷ್ಟು ಸರಳ! ಸಿಟ್ರೊಯೆನ್ ಅದನ್ನು ಬೀಗ ಹಾಕಿ ಇಟ್ಟುಕೊಂಡಿತು.

ಪ್ರತಿಸ್ಪರ್ಧಿ ರೆನೋದಲ್ಲಿ 1933ರಿಂದ ದುಡಿಯುತ್ತಿದ್ದ ಎಂಜಿನಿಯರ್ ಪಿಯೆರ್ ಬೆಜಿಯೆ ಬೇರೆ ದಾರಿಯಿಂದ ಅದೇ ಗೆರೆಯನ್ನು ಮುಟ್ಟಿದರು. ಅವರು ಲೇಖನ ಬರೆದು ಪ್ರಕಟಿಸಿದರು. ಹೆಸರು ಅವರದಾಯಿತು.

ಕಾರ್ಖಾನೆಯ ಈ ಗೆರೆ ಚಿತ್ರಕಾರರ ಮೇಜಿಗೆ ಬಂದದ್ದು ಅಡೋಬಿಯ ಮೂಲಕ: 1984ರಲ್ಲಿ ಮುದ್ರಣದ ಭಾಷೆ ಪೋಸ್ಟ್‌ಸ್ಕ್ರಿಪ್ಟ್, 1987ರಲ್ಲಿ ಚಿತ್ರ ಬಿಡಿಸುವ ತಂತ್ರಾಂಶ ಇಲ್ಲಸ್ಟ್ರೇಟರ್. ಅದರ ಪೆನ್ ಟೂಲಿನಲ್ಲಿ ಕ್ಲಿಕ್ಕಿಸಿದರೆ ಮೂಲೆ, ಎಳೆದರೆ ಬಾಗು. ಎಳೆದಾಗ ಬಿಂದುವಿನ ಎರಡೂ ಬದಿಗೆ ಬಾಗನ್ನು ತಿದ್ದುವ ಹಿಡಿಕೆ, ಅಂದರೆ ಹ್ಯಾಂಡಲ್, ಮೂಡುತ್ತದೆ. ಎರಡೂ ಒಂದೇ ನೇರದಲ್ಲಿದ್ದರೆ ಗೆರೆ ಅಲ್ಲಿ ನಯವಾಗಿ ಹಾಯುತ್ತದೆ; ಆಲ್ಟ್ ಕೀಲಿ ಒತ್ತಿ ಒಂದನ್ನು ಬೇರೆ ದಿಕ್ಕಿಗೆ ತಿರುಗಿಸಿದರೆ ಅದೇ ಬಿಂದು ಮೂಲೆಯಾಗುತ್ತದೆ. ಹೊಸಬರು ಇಲ್ಲೇ ಎಡವುವುದು. ಗೆರೆ ಹೇಳಿದ ಮಾತು ಕೇಳದಿದ್ದಾಗ ಬಿಂದುವಿನ ಮೇಲೆ ಬಿಂದು ಪೇರಿಸುತ್ತಾರೆ, ಗೆರೆ ಇನ್ನಷ್ಟು ಉಬ್ಬುತಗ್ಗಾಗುತ್ತದೆ. ಅನುಭವಿಗಳು ಬಾಗಿನ ತುತ್ತತುದಿಗಳಲ್ಲಿ ಮಾತ್ರ ಬಿಂದು ಇಟ್ಟು ಉಳಿದದ್ದನ್ನು ಹ್ಯಾಂಡಲ್ಲಿಗೆ ಬಿಡುತ್ತಾರೆ.

ಕನ್ನಡ ಫಾಂಟ್ ಮಾಡುವವರಿಗೆ ಈ ಶಿಸ್ತು ಬಿಟ್ಟರೆ ಬದುಕಿಲ್ಲ. ‘ಠ’ದ ದುಂಡನ್ನೇ ನೋಡಿ. ನಾಲ್ಕು ಬಿಂದುಗಳಿಟ್ಟು, ಹ್ಯಾಂಡಲ್ಲಿನ ಉದ್ದ ತ್ರಿಜ್ಯದ ಸುಮಾರು 0.55 ಪಾಲು ಇರಿಸಿದರೆ ಕಣ್ಣಿಗೆ ವೃತ್ತವೇ. ಗಣಿತದ ಪ್ರಕಾರ ಮಾತ್ರ ಅದು ವೃತ್ತವಲ್ಲ. ಪೆನ್ ಟೂಲಿನ ಬೆಜಿಯೆ ಗೆರೆಗೆ ನಿಜವಾದ ವೃತ್ತ ಬರೆಯಲು ಬರುವುದೇ ಇಲ್ಲ. ತಲೆಕಟ್ಟು ಅಕ್ಷರದ ಒಡಲನ್ನು ಕೂಡುವ ಕಡೆ ಮೂಲೆ ಬೇಕು, ಅಲ್ಲಿ ಹ್ಯಾಂಡಲ್ ಮುರಿಯಲೇಬೇಕು.

ಕಾಸ್ಟೆಲ್ಜೊ ಅವರ ಕೆಲಸ ಹೊರಜಗತ್ತಿಗೆ ತಿಳಿದದ್ದು 1970ರ ದಶಕದಲ್ಲಿ. 2012ರಲ್ಲಿ, ಎಂಬತ್ತು ದಾಟಿದ ಮೇಲೆ, ಅವರಿಗೊಂದು ಪ್ರಶಸ್ತಿ ಬಂತು: ಸಾಲಿಡ್ ಮಾಡೆಲಿಂಗ್ ಅಸೋಸಿಯೇಷನ್ ಕೊಡುವ ಪಿಯೆರ್ ಬೆಜಿಯೆ ಪ್ರಶಸ್ತಿ.