ಮೇರಿ ಲೌಂಡ್ಸ್ ಕಟ್ಟಿದ ಗಾಜಿನ ಮನೆ

ಇಗರ್ಜಿಗಳ ಎತ್ತರದ ಕಿಟಕಿಗಳಲ್ಲಿ ಬಣ್ಣದ ಗಾಜಿನಿಂದ ರಚಿಸಿದ ಸಂತರ ಚಿತ್ರಗಳನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಅಂತಹ ಕಿಟಕಿ ಒಬ್ಬನೇ ಚಿತ್ರಕಾರನ ಕೃತಿಯೆಂದು ಭಾವಿಸುವುದು ಸಹಜ. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಸಂಗತಿ ಹಾಗಿರಲಿಲ್ಲ. ಕಾಗದದ ಮೇಲೆ ಚಿತ್ರ ಬರೆಯುವವನೊಬ್ಬ, ಗಾಜನ್ನು ಕತ್ತರಿಸುವವನೊಬ್ಬ, ಅದರ ಮೇಲೆ ಗೆರೆ ನೆರಳುಗಳನ್ನು ಮೂಡಿಸುವವನು ಮತ್ತೊಬ್ಬ. ಮೂಲ ಚಿತ್ರಕಾರನು ಗಾಜನ್ನು ಮುಟ್ಟದೆಯೇ ಕಿಟಕಿ ಮುಗಿಯುತ್ತಿತ್ತು. ಹುಡುಗನು ಗೆರೆ ಎಳೆದು ಮೇಷ್ಟರು ಬಣ್ಣ ತುಂಬಿದ ಚಿತ್ರಕ್ಕೆ ಅಂಕ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆ ಉಪಾಧ್ಯಾಯರಾದ ನಮಗೆ ಹೊಸದಲ್ಲ!

ಈ ಪ್ರಶ್ನೆಯನ್ನು ಬದುಕಿನ ಕೆಲಸವಾಗಿ ಕೈಗೊಂಡವರಲ್ಲಿ ಮೇರಿ ಲೌಂಡ್ಸ್ ಒಬ್ಬಳು. ಡಾರ್ಸೆಟ್ ಪ್ರಾಂತದ ಪಾದ್ರಿಯೊಬ್ಬರ ಮಗಳಾದ ಆಕೆ, 1871ರಲ್ಲಿ ತೆರೆದಂದಿನಿಂದಲೇ ಸ್ತ್ರೀಯರಿಗೆ ಪ್ರವೇಶವಿದ್ದ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿದಳು. ಬಳಿಕ ಹೆನ್ರಿ ಹಾಲಿಡೇ ಎಂಬ ಪ್ರಸಿದ್ಧ ಕಲಾವಿದನಿಗೆ ಸಹಾಯಕಿಯಾದಳು. ಆದರೆ ಕಾಗದದಲ್ಲೇ ನಿಲ್ಲುವ ಕಲೆ ಆಕೆಗೆ ಸಾಲಲಿಲ್ಲ.

ಅದೇ ಕಾಲಕ್ಕೆ, 1889ರ ಸುಮಾರಿಗೆ, ಪ್ರಾಯರ್ ಎಂಬ ವಾಸ್ತುಶಿಲ್ಪಿಯ ಯೋಚನೆಯಂತೆ ಹೊಸ ಬಗೆಯ ಗಾಜು ಬಂದಿತು. ಕರಗಿದ ಗಾಜನ್ನು ಚೌಕಾಕಾರದ ಅಚ್ಚಿನೊಳಗೆ ಶೀಸೆಯಂತೆ ಊದಿ, ನಾಲ್ಕು ಬದಿಗಳನ್ನೂ ತಳವನ್ನೂ ಬೇರ್ಪಡಿಸಿದರೆ ಐದು ಬಿಲ್ಲೆಗಳು. ಇವು ನಡುವೆ ದಪ್ಪ, ಅಂಚಿಗೆ ತೆಳು. ಆದುದರಿಂದ ಒಂದೇ ಬಿಲ್ಲೆಯಲ್ಲಿ ಬಣ್ಣವು ಗಾಢವಾಗಿಯೂ ತಿಳಿಯಾಗಿಯೂ ತೋರುತ್ತದೆ. ಇಂತಹ ಗಾಜಿನಲ್ಲಿ ಯಾವ ತುಂಡನ್ನು ಎಲ್ಲಿ ಕತ್ತರಿಸಬೇಕೆಂಬುದನ್ನು ಬೆಳಕಿಗೆ ಹಿಡಿದು ನೋಡಿಯೇ ನಿರ್ಣಯಿಸಬೇಕು. ಆ ನಿರ್ಣಯವನ್ನು ಪರರಿಗೆ ಒಪ್ಪಿಸುವುದೆಂದರೆ ಚಿತ್ರವನ್ನೇ ಒಪ್ಪಿಸಿದಂತೆ.

ಹೀಗಾಗಿ 1897ರಲ್ಲಿ ಆಕೆ ಆಲ್ಫ್ರೆಡ್ ಡ್ರೂರಿ ಎಂಬ ನುರಿತ ಕುಶಲಕರ್ಮಿಯೊಡನೆ ಪಾಲುಗಾರಳಾಗಿ ಚೆಲ್ಸಿಯದಲ್ಲಿ ಕಾರ್ಯಾಗಾರವನ್ನು ತೆರೆದಳು. 1906ರಲ್ಲಿ ಅದು ಫುಲ್‌ಹ್ಯಾಮಿನ ಲೆಟಿಸ್ ಬೀದಿಯಲ್ಲಿ ಇದಕ್ಕಾಗಿಯೇ ಕಟ್ಟಿಸಿದ ‘ಗ್ಲಾಸ್ ಹೌಸ್’, ಎಂದರೆ ಗಾಜಿನ ಮನೆಗೆ ಸ್ಥಳಾಂತರವಾಯಿತು. ಅದರ ವಿಶೇಷ ಇದು: ಸ್ವತಂತ್ರ ಕಲಾವಿದರು ಅಲ್ಲಿ ಕೋಣೆಯನ್ನು ಬಾಡಿಗೆಗೆ ಪಡೆದು ಗಾಜು, ಆವಿಗೆ, ಸೀಸದ ಪಟ್ಟಿ ಬಿಗಿಯುವ ಕೆಲಸಗಾರರು ಇವೆಲ್ಲದರ ನೆರವಿನಿಂದ ತಮ್ಮ ಕಿಟಕಿಗಳನ್ನು ತಾವೇ ರಚಿಸಬಹುದಾಗಿತ್ತು. ಸ್ವಂತ ಆವಿಗೆ ಇಡಲು ಹಣವಿಲ್ಲದ ಸ್ತ್ರೀಯರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಆಕೆಯ ಕಿಟಕಿಗಳಿಗಿಂತ ಈ ಕಟ್ಟಡವೇ ಹಿರಿಯ ಕೃತಿಯೆಂದು ನನ್ನ ಮತ.

ಸ್ತ್ರೀಯರ ಮತಾಧಿಕಾರಕ್ಕಾಗಿ 1907ರಲ್ಲಿ ಸ್ಥಾಪಿತವಾದ ಕಲಾವಿದರ ಸಂಘಕ್ಕೂ ಆಕೆಯೇ ಅಧ್ಯಕ್ಷೆ. 1908ರ ಜೂನ್ 13ರ ಲಂಡನ್ ಮೆರವಣಿಗೆಯಲ್ಲಿ ಆಕೆ ವಿನ್ಯಾಸಗೊಳಿಸಿದ ಅನೇಕ ಪತಾಕೆಗಳಿದ್ದವು. ಬಟ್ಟೆಯ ಚೂರುಗಳನ್ನು ಅಂಟಿಸಿ ಬಣ್ಣಗಳನ್ನು ಗೊತ್ತುಮಾಡಿಕೊಂಡ ಆಕೆಯ ಪುಸ್ತಕವು ಉಳಿದುಬಂದಿದೆ. ಗಾಜನ್ನು ಆರಿಸುವ ಕಣ್ಣೇ ಅಲ್ಲಿಯೂ ದುಡಿದಿದೆ. ಪುರುಷರಿಗೆ ಸಮನಾದ ಮತಾಧಿಕಾರ ದೊರೆತದ್ದು 1928ರಲ್ಲಿ. ಮರುವರ್ಷ ಮೇರಿ ತೀರಿಕೊಂಡಳು.

ಗಾಜಿನ ಮನೆ ಮಾತ್ರ ನಡೆಯಿತು. ಬೆಲ್ಜಿಯಮ್ಮಿನ ಈಪ್ರ್ ನಗರದ ಪ್ರಧಾನ ಇಗರ್ಜಿಗಾಗಿ ಐರ್ಲೆಂಡಿನ ವಿಲ್ಹೆಲ್ಮಿನಾ ಗೆಡಿಸ್ ರಚಿಸಿದ, 1938ರ ವೃತ್ತಾಕಾರದ ಮಹಾಕಿಟಕಿ ರೂಪುಗೊಂಡುದು ಅಲ್ಲಿಯೇ. ಇನ್ನೊಬ್ಬಳು ಶ್ರೂಸ್‌ಬರಿಯ ಮಾರ್ಗರೆಟ್ ಆಗ್ನೆಸ್ ರೋಪ್. ಈಕೆ 1923ರಲ್ಲಿ ಸನ್ಯಾಸಿನಿಯಾಗಿ ಸಫೋಕಿನ ಮಠವೊಂದನ್ನು ಸೇರಿದಳು. ಮಠದ ನಿಯಮದಂತೆ ಹೊರಗೆ ಹೋಗುವಂತಿಲ್ಲ, ಒಳಗೆ ಆವಿಗೆಯಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ಆಕೆ ಬಣ್ಣ ಬರೆದ ಗಾಜಿನ ತುಂಡುಗಳು ರೈಲಿನಲ್ಲಿ ಫುಲ್‌ಹ್ಯಾಮಿಗೆ ಹೋಗಿ, ಗಾಜಿನ ಮನೆಯ ಆವಿಗೆಯಲ್ಲಿ ಬೇಯುತ್ತಿದ್ದವು.