ಒಂದು ಆ್ಯಪ್ ಇನ್ನೊಂದು ಆ್ಯಪ್‌ನ ಮೆಮೊರಿಯನ್ನು ಕದ್ದು ಓದಬಲ್ಲದೇ?

ಫೋನಿಗೆ ಒಂದು ಗೇಮ್ ಹಾಕಿಕೊಂಡರೆ ಸಾಕು, ಅದು ಬ್ಯಾಂಕ್ ಆ್ಯಪ್‌ನ ಮೆಮೊರಿಗೆ ಕೈಹಾಕಿ ಪಿನ್ ಓದಿಬಿಡುತ್ತದೆ ಎಂಬಂಥ ಮಾತನ್ನು ನೀವೂ ಕೇಳಿರಬಹುದು. ಮೆಣಸಿನಕಾಯಿ ಮಾರಿದ ಹಣವನ್ನು ಫೋನಿನಲ್ಲೇ ನೋಡಿಕೊಳ್ಳುವ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಭಾಗದವರಿಗೆ ಇದು ಸಣ್ಣ ಆತಂಕವಲ್ಲ. ಇದರಲ್ಲಿ ನಿಜವೆಷ್ಟು, ನೋಡೋಣ.

ನಿಜಾಂಶ ಏನು?

ಆಂಡ್ರಾಯ್ಡ್ ನಿಂತಿರುವುದು ಲಿನಕ್ಸ್ ಕರ್ನೆಲ್ ಮೇಲೆ. ಪ್ರತಿ ಆ್ಯಪ್‌ಗೂ ಬೇರೆ ಬಳಕೆದಾರ ಸಂಖ್ಯೆ, ಬೇರೆ ಮೆಮೊರಿ ಇರುತ್ತದೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ನಿಮ್ಮ ರಸೀದಿ ತೋರಿಸಿ ಬೇರೆಯವರ ಚೀಲ ಎತ್ತಿಕೊಂಡು ಹೋಗಲಾಗದು. ಇದೂ ಹಾಗೆಯೇ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಪ್ರೋಗ್ರಾಂನ ತಪ್ಪು ಹುಡುಕುವ ಡಿಬಗ್ಗರ್‌ಗಳಿಗಾಗಿ ಲಿನಕ್ಸ್‌ನಲ್ಲಿ ಇಂಥ ಸೌಲಭ್ಯಗಳಿವೆ. 'ಪ್ರೊಸೆಸ್ ವಿಎಂ ರೀಡ್‌ವಿ' ಎಂಬ ಕರೆ 2012ರಲ್ಲಿ ಬಂದ 3.2 ಆವೃತ್ತಿಯಲ್ಲಿ ಸೇರಿತು. ಆದರೆ ಕೇಳಿದಾಗಲೆಲ್ಲ ಕರ್ನೆಲ್ ಅನುಮತಿ ಪರೀಕ್ಷಿಸುತ್ತದೆ. ರೂಟ್ ಮಾಡಿದ ಫೋನಿನಲ್ಲಿ ಮಾತ್ರ ಈ ಕಾವಲು ಸಡಿಲವಾಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಡಿಬಗ್ಗರ್ ನಿಂತರೆ ವೈರಸ್ಸೇ?

ವಿಂಡೋಸ್‌ನೊಳಗೆ ಲಿನಕ್ಸ್ ಹಾಕಿಕೊಂಡ ವಿದ್ಯಾರ್ಥಿಗಳಿಗೆ ಈ ಅನುಮಾನ ಬರುವುದುಂಟು. 2016ರಲ್ಲಿ ಮೈಕ್ರೋಸಾಫ್ಟ್ ತಂದ 'ಡಬ್ಲ್ಯುಎಸ್‌ಎಲ್' ಮೊದಲ ಆವೃತ್ತಿಯಲ್ಲಿ ಲಿನಕ್ಸ್ ಕರ್ನೆಲ್ ಇರಲಿಲ್ಲ. ಲಿನಕ್ಸ್ ಕರೆಗಳನ್ನು ವಿಂಡೋಸ್‌ಗೆ ತಿಳಿಯುವಂತೆ ಬದಲಿಸುವ ಪದರವಷ್ಟೇ ಇತ್ತು. ಆಂಧ್ರದ ರೈತನ ತೆಲುಗನ್ನು ಕನ್ನಡದಲ್ಲಿ ಹೇಳುವ ದುಭಾಷಿಯಂತೆ ಇದು. ದುಭಾಷಿಗೆ ಒಂದು ಪದ ಬಾರದಿದ್ದರೆ ಆ ಕೆಲಸ ಅಲ್ಲೇ ನಿಲ್ಲುತ್ತದೆ.

ಇಂಥ ಪದರದಲ್ಲಿ ಮೆಮೊರಿ ಓದುವ ಕರೆಯನ್ನು ಅಳವಡಿಸದಿದ್ದರೆ 'ಈ ಸೌಲಭ್ಯ ಇಲ್ಲ' ಎಂಬರ್ಥದ ದೋಷ ಬರುತ್ತದೆ. 'ಅನುಮತಿ ಇಲ್ಲ' ಎಂಬುದು ಬೇರೆ ದೋಷ. ಅಲ್ಲಿ ಸೌಲಭ್ಯವಿದೆ, ನಿಮಗೆ ಕೊಟ್ಟಿಲ್ಲ. ಎರಡರಲ್ಲಿ ಯಾವುದೂ ವೈರಸ್‌ನ ಗುರುತಲ್ಲ. 2019ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ನಿಜವಾದ ಲಿನಕ್ಸ್ ಕರ್ನೆಲ್ಲೇ ಓಡುತ್ತದೆ.

ಹಾಗಾದರೆ ಹಣ ಹೋಗುವುದು ಹೇಗೆ?

ಮೋಸಗಾರರಿಗೆ ಮೆಮೊರಿಯ ಗೋಡೆ ಒಡೆಯುವ ಅಗತ್ಯವೇ ಬೀಳುವುದಿಲ್ಲ, ಬಾಗಿಲನ್ನು ನಮ್ಮ ಕೈಯಿಂದಲೇ ತೆರೆಸುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಪಿಕೆ ಫೈಲ್ ಹಾಕಿಕೊಳ್ಳುವುದು, ಅದಕ್ಕೆ ಎಸ್‌ಎಂಎಸ್ ಅಥವಾ 'ಆ್ಯಕ್ಸೆಸಿಬಿಲಿಟಿ' ಅನುಮತಿ ಕೊಡುವುದು, ಅಪರಿಚಿತರು ಹೇಳಿದರೆಂದು ಸ್ಕ್ರೀನ್ ಹಂಚಿಕೊಳ್ಳುವುದು ಇವೇ ಆ ಬಾಗಿಲುಗಳು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ತೀರ್ಮಾನ: ರೂಟ್ ಮಾಡದ ಫೋನಿನಲ್ಲಿ ಸಾಮಾನ್ಯ ಆ್ಯಪ್ ಇನ್ನೊಂದರ ಮೆಮೊರಿಯನ್ನು ಸುಮ್ಮನೆ ಓದಲಾರದು. ಈ ಸಂದೇಶ ದಾರಿ ತಪ್ಪಿಸುವಂಥದ್ದು. ಫಾರ್ವರ್ಡ್ ಮಾಡುವ ಬದಲು, ನಿಮ್ಮ ಆ್ಯಪ್‌ಗಳಿಗೆ ಕೊಟ್ಟಿರುವ ಅನುಮತಿಗಳನ್ನು ಒಮ್ಮೆ ನೋಡಿಕೊಳ್ಳಿ.