ನೊರೆಯ ಲೆಕ್ಕ

ಫ್ರಾನ್ಸಿನ ಬೆಲಿಡೊರ್ 1737ರಲ್ಲಿ ಬರೆದರು: ಗಿರಣಿಯ ಚಕ್ರಕ್ಕೆ ನೀರನ್ನು ಅಡಿಯಿಂದ ಹೊಡೆಸಿದರೆ, ಮೇಲಿಂದ ಸುರಿಸಿದ್ದಕ್ಕಿಂತ ಆರು ಪಟ್ಟು ಕೆಲಸ ಆಗುತ್ತದೆ. ಇಂಗ್ಲೆಂಡಿನ ಡೆಸಾಗುಲಿಯರ್ಸ್ 1744ರಲ್ಲಿ ಬರೆದರು: ಚೆನ್ನಾಗಿ ಕಟ್ಟಿದ, ಮೇಲಿಂದ ನೀರು ಸುರಿಯುವ ಗಿರಣಿ ಹತ್ತರಲ್ಲಿ ಒಂದು ಪಾಲು ನೀರಿನಲ್ಲೇ ಅಷ್ಟೇ ಕಾಳು ಬೀಸುತ್ತದೆ. ಇಬ್ಬರೂ ಬೀದಿಯಲ್ಲಿ ಹೋಗುವವರಲ್ಲ. ಮೊದಲನೆಯವರು ಫಿರಂಗಿ ಪಡೆಯ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಎರಡನೆಯವರು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳನ್ನು ಮಾಡಿ ತೋರಿಸುತ್ತಿದ್ದವರು, ನ್ಯೂಟನ್ನರ ಶಿಷ್ಯವರ್ಗಕ್ಕೆ ಸೇರಿದವರು. ಒಬ್ಬರ ಆರನ್ನೂ ಇನ್ನೊಬ್ಬರ ಹತ್ತನ್ನೂ ಗುಣಿಸಿ ನೋಡಿ. ಅರವತ್ತು ಪಟ್ಟಿನ ಭಿನ್ನಾಭಿಪ್ರಾಯ!

ಅದೇನು ಹೊಸ ಯಂತ್ರವೂ ಅಲ್ಲ. ರೋಮಿನ ವಿಟ್ರುವಿಯಸ್ ಕ್ರಿಸ್ತಪೂರ್ವದಲ್ಲೇ ಅದನ್ನು ವರ್ಣಿಸಿದ್ದ. 1086ರಲ್ಲಿ ಇಂಗ್ಲೆಂಡಿನ ರಾಜ ಮಾಡಿಸಿದ ಆಸ್ತಿಪಾಸ್ತಿಯ ಎಣಿಕೆಯಲ್ಲಿ ಐದಾರು ಸಾವಿರ ಗಿರಣಿಗಳು ದಾಖಲಾಗಿವೆ. ಅಷ್ಟು ಶತಮಾನ ತಿರುಗಿದ ಚಕ್ರದ ಬಗ್ಗೆ, ನೀರು ಮೇಲಿಂದ ಬೀಳಬೇಕೋ ಕೆಳಗಿಂದ ಹೊಡೆಯಬೇಕೋ ಎಂಬಷ್ಟೂ ತೀರ್ಮಾನ ಆಗಿರಲಿಲ್ಲ. ನಾನು ಪಾಲಿಟೆಕ್ನಿಕ್ಕಿನ ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ಪಂಪು, ಟರ್ಬೈನುಗಳ ನಡುವೆ ನೌಕರಿ ಸವೆಸಿದವನು. ಇದನ್ನು ಮೊದಲು ಓದಿದಾಗ ನಂಬಲಾಗಲಿಲ್ಲ. ಆಮೇಲೆ ಯೋಚಿಸಿದರೆ ಸಹಜವೇ ಅನ್ನಿಸಿತು. ಒಂದು ಹಳ್ಳದ ಗಿರಣಿಯನ್ನು ಇನ್ನೊಂದು ಹಳ್ಳದ ಗಿರಣಿಗೆ ಹೋಲಿಸುವುದು ಹೇಗೆ? ನೀರು ಬೇರೆ, ಎತ್ತರ ಬೇರೆ, ಬೀಸುವ ಕಲ್ಲಿನ ಹಲ್ಲು ಬೇರೆ, ಅಚ್ಚಿಗೆ ಸವರಿದ ಕೊಬ್ಬೂ ಬೇರೆ. ಯಾವ ಗಿರಣಿಯವನನ್ನು ಕೇಳಿದರೂ ತನ್ನದೇ ಒಳ್ಳೆಯದು ಅನ್ನುತ್ತಾನೆ.

ಈ ಜಗಳ ಬಿಡಿಸಿದವನು ಜಾನ್ ಸ್ಮೀಟನ್. 1724ರಲ್ಲಿ ಲೀಡ್ಸ್ ಊರಿನ ಹತ್ತಿರ ಆಸ್ತೋರ್ಪ್‌ನಲ್ಲಿ ಹುಟ್ಟಿದವನು. ಅಪ್ಪ ವಕೀಲ, ಮಗನೂ ಕರಿಕೋಟು ತೊಡಲಿ ಎಂದು ಲಂಡನ್ನಿಗೆ ಕಳಿಸಿದ. ಮಗನಿಗೆ ಕಾಯಿದೆಗಿಂತ ಅರ, ಲೇಥು ಹಿಡಿಸಿದವು. ಹುಡುಗನಾಗಿದ್ದಾಗ ತಾನೇ ಮಾಡಿದ ಪಂಪಿನಿಂದ ಅಪ್ಪನ ಮೀನುಕೊಳವನ್ನು ಬತ್ತಿಸಿಬಿಟ್ಟಿದ್ದ ಎಂಬ ಕತೆಯೂ ಇದೆ; ಇಂಥವರ ಬಾಲ್ಯಕ್ಕೆ ಇಂಥ ಕತೆಗಳು ತಾವಾಗಿ ಅಂಟಿಕೊಳ್ಳುತ್ತವೆ, ಇರಲಿ. ಕೊನೆಗೆ ಲಂಡನ್ನಿನಲ್ಲಿ ವೈಜ್ಞಾನಿಕ ಉಪಕರಣ ಮಾಡುವ ಅಂಗಡಿ ಇಟ್ಟ. ಮುಖ್ಯವಾದದ್ದು ಇದೇ. ಗಿರಣಿಯ ಪ್ರಶ್ನೆ ಮೊದಲ ಬಾರಿಗೆ ಅಳತೆಯ ಸಾಮಾನು ಮಾಡುವವನ ಕೈಗೆ ಬಿತ್ತು.

1752 ಮತ್ತು 1753ರಲ್ಲಿ ಅವನು ಸುಮಾರು ಎರಡು ಅಡಿ ಅಡ್ಡಳತೆಯ ಚಕ್ರದ ಮಾದರಿ ಮಾಡಿಕೊಂಡ. ಮೇಲೊಂದು ತೊಟ್ಟಿ, ಕೆಳಗೊಂದು ತೊಟ್ಟಿ, ಕೆಳಗೆ ಬಂದ ನೀರನ್ನು ಮತ್ತೆ ಮೇಲೆತ್ತಲು ಕೈಪಂಪು. ಮೇಲಿನ ತೊಟ್ಟಿಯಲ್ಲಿ ತೇಲುವ ಗುರುತುಕಡ್ಡಿ. ಅದು ಏಳದಂತೆ, ಇಳಿಯದಂತೆ ಪಂಪು ಹೊಡೆಯುತ್ತಿದ್ದರೆ, ನಿಮಿಷಕ್ಕೆ ಎಷ್ಟು ಹೊಡೆತ ಎಂದು ಎಣಿಸಿಯೇ ಎಷ್ಟು ನೀರು ಹೋಯಿತೆಂದು ತಿಳಿಯುತ್ತದೆ. ತೂಬನ್ನು ಬೇಕಾದಷ್ಟು ಎತ್ತಬಹುದು, ಇಳಿಸಬಹುದು. ಚಕ್ರದ ಅಚ್ಚಿಗೆ ಹಗ್ಗ ಸುತ್ತಿ, ರಾಟೆಯ ಮೇಲೆ ಹಾಯಿಸಿ, ತುದಿಗೆ ತೂಕದ ತಟ್ಟೆ. ಇಷ್ಟು ತೂಕ, ನಿಮಿಷಕ್ಕೆ ಇಷ್ಟು ಎತ್ತರ ಏರಿತು: ಅದೇ ಚಕ್ರ ಮಾಡಿದ ಕೆಲಸ.

ಇಲ್ಲಿಯವರೆಗಿನದು ಯಾವ ಜಾಣನಿಗೂ ಹೊಳೆಯಬಹುದಾದದ್ದು. ನನಗೆ ಈಗಲೂ ಖುಷಿ ಕೊಡುವುದು ಮುಂದಿನದು. ಚಕ್ರಕ್ಕೆ ಬಡಿಯುವ ನೀರಿನ ವೇಗ ಎಷ್ಟು? ತೊಟ್ಟಿಯ ಎತ್ತರದಿಂದ ಲೆಕ್ಕ ಹಾಕಬಹುದು, ಆದರೆ ತೂಬಿನ ಬಾಯಲ್ಲಿ, ಕಾಲುವೆಯ ಅಂಚಿನಲ್ಲಿ ಒಂದಷ್ಟು ವೇಗ ಸೋರಿಹೋಗುತ್ತದೆ. ಅಚ್ಚಿನ ತಿಕ್ಕಾಟ ಬೇರೆ. ಸ್ಮೀಟನ್ ಮಾಡಿದ್ದು ಹೀಗೆ. ಮೊದಲು ನೀರನ್ನೇ ಬಿಡಲಿಲ್ಲ. ಹಗ್ಗವನ್ನು ತಿರುಗುಮುರುಗಾಗಿ ಸುತ್ತಿ, ತಟ್ಟೆಯ ತೂಕವೇ ಇಳಿಯುತ್ತ ಚಕ್ರವನ್ನು ತಿರುಗಿಸುವಂತೆ ಮಾಡಿ ಸುತ್ತು ಎಣಿಸಿದ. ಆಮೇಲೆ ಅದೇ ತೂಕ ಇಟ್ಟುಕೊಂಡು ನೀರನ್ನೂ ಬಿಟ್ಟ. ಚಕ್ರದ ವೇಗ ಹೆಚ್ಚಿತೇ? ಹಾಗಾದರೆ ನೀರು ಚಕ್ರಕ್ಕಿಂತ ಮುಂದಿದೆ, ತಳ್ಳುತ್ತಿದೆ. ಕಡಿಮೆಯಾಯಿತೇ? ನೀರು ಹಿಂದಿದೆ, ತಡೆಯುತ್ತಿದೆ. ತೂಕ ಹೆಚ್ಚುಕಡಿಮೆ ಮಾಡುತ್ತ ಹೋಗಿ, ನೀರು ಬಿಟ್ಟರೂ ಬಿಡದಿದ್ದರೂ ಸುತ್ತಿನ ಎಣಿಕೆ ಒಂದೇ ಎಂಬಲ್ಲಿಗೆ ತಂದು ನಿಲ್ಲಿಸಿದ. ಅಲ್ಲಿ ಚಕ್ರದ ಹಲಗೆಯ ವೇಗವೇ ನೀರಿನ ವೇಗ. ತಟ್ಟೆಯಲ್ಲಿರುವ ತೂಕವೇ ತಿಕ್ಕಾಟದ ಬೆಲೆ. ಒಂದೇ ಏಟಿಗೆ ಎರಡೂ ಸಿಕ್ಕವು, ಹಗ್ಗ ಮತ್ತು ಗಡಿಯಾರ ಬಿಟ್ಟರೆ ಬೇರೆ ಉಪಕರಣ ಬೇಕಾಗಲಿಲ್ಲ.

ಉತ್ತರ ಹೀಗೆ ಬಂತು. ಅಡಿಯಿಂದ ನೀರು ಹೊಡೆಯುವ ಚಕ್ರ, ತನಗೆ ಬಡಿದ ನೀರಿನ ಬಲದಲ್ಲಿ ಹೆಚ್ಚೆಂದರೆ ಮೂರರಲ್ಲಿ ಒಂದು ಪಾಲನ್ನು ಕೆಲಸಕ್ಕೆ ತರುತ್ತದೆ. ಮೇಲಿಂದ ಸುರಿದ ನೀರು ಬುಟ್ಟಿಗಳಲ್ಲಿ ಕೂತು ತನ್ನ ಭಾರದಿಂದಲೇ ಇಳಿಯುವ ಚಕ್ರ ಮೂರರಲ್ಲಿ ಎರಡು ಪಾಲನ್ನು ತರುತ್ತದೆ. ಆರೂ ಅಲ್ಲ, ಹತ್ತೂ ಅಲ್ಲ, ಎರಡು ಪಟ್ಟು. ಅದಕ್ಕೂ ಮೊದಲು, 1704ರಲ್ಲಿ, ಪ್ಯಾರಿಸ್ಸಿನ ಪಾರಾಂ ಎಂಬ ಗಣಿತಜ್ಞ ಅಡಿಹೊಡೆತದ ಚಕ್ರದ ಎಲ್ಲೆ 27ರಲ್ಲಿ 4 ಪಾಲು, ಅಂದರೆ ಶೇಕಡಾ 15 ಎಂದು ಕಾಗದದ ಮೇಲೆ ಸಾಧಿಸಿದ್ದ. ಸ್ಮೀಟನ್ನನ ಆಟಿಕೆ ಅದರ ಎರಡರಷ್ಟು ಕೊಟ್ಟಿತು. ಪಾರಾಂನ ಗುಣಾಕಾರ ಸರಿಯಾಗಿಯೇ ಇತ್ತು. ಅವನು ನೀರಿನ ಮುಂದೆ ಓಡುವ ಒಂದೇ ಹಲಗೆಯನ್ನು ಕಲ್ಪಿಸಿಕೊಂಡಿದ್ದ. ನಿಜವಾದ ಚಕ್ರದಲ್ಲಿ ಒಂದು ಹಲಗೆಗೆ ಸಿಗದ ನೀರು ಹಿಂದಿನ ಹಲಗೆಗೆ ಸಿಗುತ್ತದೆ.

ಮಿಕ್ಕ ಬಲ ಎಲ್ಲಿ ಹೋಯಿತು? ನೀರು ಹಲಗೆಗೆ ಬಡಿದು ಚದುರಿ, ಕದಡಿ, ನೊರೆಯೆದ್ದು ಹಾಳಾಯಿತು. ಚಿತ್ರಗಳಲ್ಲಿ ನಾವು ಮೆಚ್ಚುವ ಗಿರಣಿ, ಭೋರ್ಗರೆದು ತುಂತುರು ಹಾರಿಸುವ ಚಕ್ರವಿದೆಯಲ್ಲ, ಅದು ಹಣ ಚೆಲ್ಲುವ ಚಕ್ರ. ಆದ್ದರಿಂದ ಸ್ಮೀಟನ್ನನ ನಿಯಮ: ಸಾಧ್ಯವಾದಷ್ಟು ನೀರು ಬೀಳದೆ ಇಳಿಯಲಿ. ಚಕ್ರ ದೊಡ್ಡದಿರಲಿ, ನಿಧಾನಕ್ಕೆ ತಿರುಗಲಿ. ಅಂಚಿನ ವೇಗ ಸೆಕೆಂಡಿಗೆ ಮೂರು ಅಡಿ ಸಾಕು.

ಇಷ್ಟನ್ನೆಲ್ಲ ಕೈಯಲ್ಲಿಟ್ಟುಕೊಂಡು ಆತ ಆರು ವರ್ಷ ಸುಮ್ಮನಿದ್ದ. ಮಾದರಿಯಲ್ಲಿ ಬಂದದ್ದು ದೊಡ್ಡ ಚಕ್ರದಲ್ಲೂ ಬರುತ್ತದೆಯೇ ಎಂದು ನಿಜವಾದ ಗಿರಣಿ ಕಟ್ಟಿ ನೋಡುವ ತನಕ ಪ್ರಕಟಿಸಲಿಲ್ಲ. 1759ರಲ್ಲಿ ರಾಯಲ್ ಸೊಸೈಟಿಯ ಮುಂದೆ ಪ್ರಬಂಧ ಓದಿದ. ಅದಕ್ಕೆ ಕೋಪ್ಲಿ ಪದಕ ಬಂತು. ಅದೇ ವರ್ಷ ಅವನು ಕಟ್ಟಿದ ಎಡಿಸ್ಟೋನ್ ದೀಪಸ್ತಂಭವೂ ಬೆಳಗಿತು. ಜನರಿಗೆ ನೆನಪಿರುವುದು ದೀಪಸ್ತಂಭ. ನನ್ನ ಓಟು ಪ್ರಬಂಧಕ್ಕೆ.

ನಿಯಮ ಬರೆದಷ್ಟು ಸಲೀಸಾಗಿ ಗಿರಣಿ ಕಟ್ಟಲಾಗದು. ಹಲವು ಕಡೆ ಮೇಲಿಂದ ಸುರಿಸುವಷ್ಟು ಎತ್ತರವೇ ಇಲ್ಲ. ಅಲ್ಲೆಲ್ಲ ಸ್ಮೀಟನ್ ಚಕ್ರದ ನಡುಮಟ್ಟಕ್ಕೆ ನೀರು ಕೊಟ್ಟು, ಚಕ್ರದ ಹೊಟ್ಟೆಗೆ ಹೊಂದುವಂತೆ ಕಲ್ಲಿನ ಕಮಾನು ಕಟ್ಟಿ, ನೀರು ಚೆಲ್ಲದಂತೆ ಮಾಡಿದ. ಇನ್ನೊಂದು ತೊಡಕು ಅಚ್ಚಿನದು. ಅದೇ ಬಲಕ್ಕೆ ವೇಗ ಕಡಿಮೆಯಾದಷ್ಟೂ ಅಚ್ಚಿನ ಮೇಲಿನ ತಿರುಚು ಹೆಚ್ಚು. ಓಕ್ ಮರದ ದಿಮ್ಮಿ ಎಷ್ಟು ತಡೆದೀತು? 1769ರಲ್ಲಿ ಸ್ಕಾಟ್ಲೆಂಡಿನ ಕ್ಯಾರನ್ ಕಬ್ಬಿಣ ಕಾರ್ಖಾನೆಯ ಚಕ್ರಕ್ಕೆ ಎರಕದ ಕಬ್ಬಿಣದ ಅಚ್ಚು ಹಾಕಿಸಿದ. ಮರಗೆಲಸದವರ ಕಸುಬು ನಿಧಾನವಾಗಿ ಎರಕದವರ ಕಡೆ ಜಾರಿತು.

ಮುಂದೆ ವಿಲಿಯಂ ಫೇರ್‌ಬೈರ್ನ್ ಬುಟ್ಟಿಗಳಲ್ಲಿ ಗಾಳಿ ಹೊರಹೋಗಲು ಸಂದು ಬಿಟ್ಟ. ಸಿಕ್ಕಿಬಿದ್ದ ಗಾಳಿ ನೀರನ್ನು ಒಳಗೆ ಬಿಡುತ್ತಿರಲಿಲ್ಲ. ಅವನು ಸ್ಕಾಟ್ಲೆಂಡಿನ ಕ್ಯಾಟ್ರಿನ್ ಹತ್ತಿಗಿರಣಿಗೆ ಕಟ್ಟಿದ ಚಕ್ರಗಳ ಅಡ್ಡಳತೆ 50 ಅಡಿ. ಫ್ರಾನ್ಸಿನಲ್ಲಿ ಪೊನ್ಸೆಲೆ ಅಡಿಹೊಡೆತದ ಚಕ್ರವನ್ನೇ ಕೈಗೆತ್ತಿಕೊಂಡ. ನೆಪೋಲಿಯನ್ನನ ದಂಡಿನಲ್ಲಿ ರಷ್ಯಕ್ಕೆ ಹೋಗಿ ಸೆರೆಸಿಕ್ಕು, ಸೆರೆಯಲ್ಲೇ ರೇಖಾಗಣಿತ ಮಾಡಿದ ಆಸಾಮಿ ಇವನು. ಚಪ್ಪಟೆ ಹಲಗೆಯ ಬದಲು ಬಾಗಿದ ತಗಡು ಹಾಕಿದ. ನೀರು ಬಡಿಯುವುದಿಲ್ಲ; ತಗಡಿನ ಮೇಲೆ ಜಾರಿ ಏರಿ, ವೇಗ ಕಳೆದುಕೊಂಡು, ಹೆಚ್ಚುಕಡಿಮೆ ನಿಂತ ನೀರಾಗಿ ಕೆಳಗಿಳಿಯುತ್ತದೆ. ಬೆಲಿಡೊರ್ ಹೊಗಳಿದ್ದ ಚಕ್ರಕ್ಕೆ ಸುಮಾರು 90 ವರ್ಷದ ಮೇಲೆ ಮಾನ ಬಂತು.

ಅದೇ ಹೊತ್ತಿಗೆ, 1827ರಲ್ಲಿ, ಫೂರ್ನೆರೋನ್ ಮೊದಲ ಟರ್ಬೈನನ್ನು ತಿರುಗಿಸಿದ. 1837ರ ಸುಮಾರಿಗೆ ಜರ್ಮನಿಯ ಕಪ್ಪುಕಾಡಿನ ಸಾಂಕ್ಟ್ ಬ್ಲಾಸಿಯನ್‌ನಲ್ಲಿ ಅವನು ಕೂರಿಸಿದ ಚಕ್ರದ ಅಗಲ ಒಂದು ಅಡಿ, ಶಕ್ತಿ 60 ಅಶ್ವಬಲ, ವೇಗ ನಿಮಿಷಕ್ಕೆ 2,300 ಸುತ್ತು. ಕ್ಯಾಟ್ರಿನ್ನಿನ 50 ಅಡಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಎತ್ತರ ಹೆಚ್ಚಿದಷ್ಟೂ ಚಕ್ರವನ್ನು ಹಿಗ್ಗಿಸಬೇಕೆಂಬ ಹಂಗು ತಪ್ಪಿತು. ಇಲ್ಲದಿದ್ದರೆ 1902ರಲ್ಲಿ ಶಿವನಸಮುದ್ರದ ಇಳಿಜಾರಿನಲ್ಲಿ ಕಾವೇರಿಯನ್ನು ಹಿಡಿದು, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸುವ ಮಾತು ಎಲ್ಲಿಂದ ಬರಬೇಕು? ಇಂದು ಮಲೆನಾಡಿನ ತೋಟಗಳಲ್ಲಿ ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಮನೆಗೆ ದೀಪ ಹತ್ತಿಸುವವರ ಪುಟ್ಟ ಪೆಲ್ಟನ್ ಚಕ್ರವೂ ಇದೇ ವಂಶದ್ದು: ಬಟ್ಟಲಿಗೆ ಬಂದ ನೀರು ಹಿಂದಿರುಗಿ, ವೇಗವಿಲ್ಲದೆ ಕೆಳಗೆ ಬೀಳಬೇಕು. ನಳಿಕೆಯ ಗುರಿ ಬಟ್ಟಲಿನ ನಡುಗೆರೆಗೆ ಸರಿಯಾಗಿಲ್ಲದಿದ್ದರೆ ಪೆಟ್ಟಿಗೆಯ ತುಂಬ ತುಂತುರು, ಮನೆಯಲ್ಲಿ ಮಂಕು ಬಲ್ಬು.

ನಮ್ಮ ಲ್ಯಾಬಿನಲ್ಲಿ ಸ್ಮೀಟನ್ನನ ಹಗ್ಗ ಅಚ್ಚಿನಿಂದ ಬ್ರೇಕ್ ಡ್ರಮ್ಮಿಗೆ ಬಂದಿದೆ, ತಟ್ಟೆ ಹಾಗೆಯೇ ಉಳಿದಿದೆ, ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ. ಎರಡನೇ ವರ್ಷದ ಹುಡುಗರು ಸ್ಪ್ರಿಂಗ್ ತಕ್ಕಡಿ ತೋರಿಸುವುದನ್ನು ಕಳೆಯಲು ಮರೆಯುತ್ತಾರೆ, ಆತುರದಲ್ಲಿ ನೀರಿನ ಮಟ್ಟ ತಪ್ಪಾಗಿ ಓದುತ್ತಾರೆ. ರೆಕಾರ್ಡ್ ಪುಸ್ತಕದಲ್ಲಿ ದಕ್ಷತೆ ಶೇಕಡಾ ನೂರನ್ನು ದಾಟಿರುತ್ತದೆ. "ಸರ್, ಲೆಕ್ಕ ಸರಿಯಾಗೇ ಇದೆ" ಅನ್ನುತ್ತಾರೆ, ಕ್ಯಾಲ್ಕುಲೇಟರ್ ತೋರಿಸಿ. ಲೆಕ್ಕ ಪಾರಾಂನದೂ ಸರಿಯಾಗಿಯೇ ಇತ್ತು ಮಾರಾಯಾ, ಹೋಗಿ ಮತ್ತೆ ಪಂಪ್ ಆನ್ ಮಾಡು ಎಂದು ಕಳಿಸುತ್ತಿದ್ದೆ.